ಅಮೆರಿಕದ ಮೆಡಿಕಲ್ ಸ್ಕೂಲ್‌ಗಳ ಇಂಗ್ಲಿಷ್ ಷರತ್ತು: ಕಾಲೇಜಿನ ಬರವಣಿಗೆ ಕೋರ್ಸುಗಳನ್ನು ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಎಂಬಿಬಿಎಸ್ ಸೇರಬಯಸುವವರಿಗೆ ಇಂಗ್ಲಿಷ್ ಎಂದರೆ ದ್ವಿತೀಯ ಪಿಯುಸಿಯಲ್ಲಿ ಪಾಸಾದರೆ ಮುಗಿಯುವ ವಿಷಯ. ಸೀಟು ಸಿಗುವುದು, ಬಿಡುವುದು ನೀಟ್‌ನ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಅಂಕದ ಮೇಲೆ ನಿಂತಿದೆ. ಅಮೆರಿಕದ ದಾರಿ ಬೇರೆ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಪದವಿಯ ಜೊತೆಜೊತೆಗೇ ಪ್ರೀಮೆಡ್ ಎನ್ನಲಾಗುವ ಕೋರ್ಸುಗಳು, ನಂತರ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಅರ್ಜಿ, ಸಂದರ್ಶನ, ಅದಾದ ಮೇಲೆ ಎಂಡಿ ಅಥವಾ ಡಿಒ (ಎರಡೂ ಅಲ್ಲಿನ ವೈದ್ಯ ಪದವಿಗಳು). ಈ ಪ್ರೀಮೆಡ್ ಪಟ್ಟಿಯಲ್ಲಿ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್‌ಗಳ ಕೆಳಗೆ ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು ಇನ್ನೊಂದು ಸಾಲನ್ನು ಸೇರಿಸುತ್ತವೆ: ಇಂಗ್ಲಿಷ್ ಅಥವಾ ಬರವಣಿಗೆ, ಒಂದು ವರ್ಷ.

ಅಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಬಗ್ಗೆ ನಡೆಯುವ ಚರ್ಚೆಯ ಕಾಲುಭಾಗವೂ ಈ ಸಾಲಿನ ಬಗ್ಗೆ ನಡೆಯುವುದಿಲ್ಲ. "ಎಪಿ ಇಂಗ್ಲಿಷ್‌ನಲ್ಲಿ 5 ಬಂದಿದೆಯಲ್ಲ, ಮತ್ತೇಕೆ?" ಎಂದು ತಂದೆತಾಯಿಯರು ಕೇಳುತ್ತಾರೆ, ಮಕ್ಕಳೂ ಅದನ್ನೇ ನಂಬಿ ಕೂರುತ್ತಾರೆ. (ಎಪಿ ಎಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, 5 ಅದರ ಗರಿಷ್ಠ ಅಂಕ.) ಮೂರನೆಯ ವರ್ಷದ ಕೊನೆಗೆ ಅರ್ಜಿ ತುಂಬುವಾಗ ತಾವು ಬಯಸಿದ ಹತ್ತು ಸ್ಕೂಲ್‌ಗಳಲ್ಲಿ ಮೂರು ಎಪಿಯನ್ನು ಒಪ್ಪುವುದಿಲ್ಲವೆಂದು ತಿಳಿದರೆ, ಆಗ ಇರುವ ದಾರಿಗಳು ಕಡಿಮೆ. ಈ ಬರಹ ಅಂಥ ವಿದ್ಯಾರ್ಥಿಗಳಿಗೆ, ಅವರ ಪಾಲಕರಿಗೆ, ಮತ್ತು ಕರ್ನಾಟಕದಿಂದ ನೇರವಾಗಿ ಅಮೆರಿಕದಲ್ಲಿ ಪದವಿಗೆ ಸೇರಿ ಮುಂದೆ ಮೆಡಿಕಲ್ ಸ್ಕೂಲ್‌ನ ಆಸೆ ಇಟ್ಟುಕೊಂಡವರಿಗೆ. ಭಾರತದಲ್ಲೇ ಎಂಬಿಬಿಎಸ್ ಮುಗಿಸಿ ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆ ಬರೆದು ರೆಸಿಡೆನ್ಸಿಗೆ (ಆಸ್ಪತ್ರೆಯ ಸ್ನಾತಕೋತ್ತರ ತರಬೇತಿಗೆ) ಹೋಗುವವರಿಗೆ ಈ ಷರತ್ತು ಅನ್ವಯಿಸುವುದಿಲ್ಲ. ಅವರ ಇಂಗ್ಲಿಷ್ ಪರೀಕ್ಷೆ, ವಿದೇಶಿ ವೈದ್ಯ ಪದವೀಧರರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿ ಕೇಳುವ ಒಇಟಿ ಮೆಡಿಸಿನ್, ಅದು ಬೇರೆಯೇ ವಿಷಯ.

ಮೊದಲ ಹೆಜ್ಜೆ: ಷರತ್ತು ವಿಧಿಸುವವರು ಯಾರೆಂದು ತಿಳಿಯುವುದು

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ವಿದ್ಯಾರ್ಥಿಯ ಕಾಲೇಜಿಗೆ ಅದರದೇ ಆದ ಬರವಣಿಗೆ ಷರತ್ತು ಇರುತ್ತದೆ. ಪದವಿ ಪಡೆಯಲು ಅದನ್ನು ಪೂರೈಸಬೇಕು. ಮೆಡಿಕಲ್ ಸ್ಕೂಲ್‌ಗೂ ಅದರದೇ ಷರತ್ತು ಇರುತ್ತದೆ. ಎರಡೂ ಒಂದಕ್ಕೊಂದು ಸಂಬಂಧಪಟ್ಟವಲ್ಲ. ಕಾಲೇಜು "ನಿನಗೆ ಎಪಿ ಅಂಕದಿಂದ ವಿನಾಯಿತಿ ಸಿಕ್ಕಿದೆ" ಎಂದರೆ ಆ ವಿನಾಯಿತಿ ಆ ಕಾಲೇಜಿನ ಕಾಂಪೌಂಡಿನೊಳಗೆ ಮಾತ್ರ ನಡೆಯುತ್ತದೆ. ವಿನಾಯಿತಿಯೂ ಕ್ರೆಡಿಟ್ಟೂ ಒಂದೇ ಅಲ್ಲವೆಂಬುದನ್ನು ಇದರ ಜೊತೆಗೇ ಗಮನಿಸಬೇಕು: ಕೆಲವು ಕಾಲೇಜುಗಳು ಎಪಿ ಅಂಕಕ್ಕೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಧಿಕೃತ ಅಂಕಪಟ್ಟಿಯಲ್ಲಿ) ಕ್ರೆಡಿಟ್ ನಮೂದಿಸುತ್ತವೆ, ಕೆಲವು ಕೋರ್ಸನ್ನು ಮನ್ನಾ ಮಾಡಿ ಸುಮ್ಮನಾಗುತ್ತವೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕ್ರೆಡಿಟ್ ಕಾಣದಿದ್ದರೆ ಮೆಡಿಕಲ್ ಸ್ಕೂಲ್ ಎಣಿಸಲು ಏನೂ ಇರುವುದಿಲ್ಲ.

ಇನ್ನು ಅರ್ಜಿ ಸಂಸ್ಥೆಗಳು. ಎಂಡಿ ಕೋರ್ಸುಗಳ ಬಹುಪಾಲು ಅರ್ಜಿಗಳು ಎಎಎಂಸಿ (ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ) ನಡೆಸುವ ಆಮ್‌ಕ್ಯಾಸ್ ಮೂಲಕ, ಡಿಒ ಅರ್ಜಿಗಳು ಎಎಕೋಮಾಸ್ ಮೂಲಕ, ಟೆಕ್ಸಸ್‌ನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳ ಅರ್ಜಿಗಳು ಟಿಎಂಡಿಎಸ್‌ಎಎಸ್ ಮೂಲಕ ಹೋಗುತ್ತವೆ. ಆಮ್‌ಕ್ಯಾಸ್ ಪ್ರತಿ ಕೋರ್ಸನ್ನೂ ಒಂದು ವರ್ಗಕ್ಕೆ ಸೇರಿಸಿ ಜಿಪಿಎ (ಸರಾಸರಿ ಗ್ರೇಡ್) ಲೆಕ್ಕ ಹಾಕುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತಗಳದು ಒಂದು ಗುಂಪು, ಮಿಕ್ಕಿದ್ದೆಲ್ಲ ಇನ್ನೊಂದು ಗುಂಪು. ಕಂಪೋಸಿಷನ್ (ಪ್ರಬಂಧ ರಚನೆ), ರೆಟರಿಕ್ (ವಾದ ಮಂಡನೆ), ಸಾಹಿತ್ಯ, ಸೃಜನಶೀಲ ಬರವಣಿಗೆ ಇವು ಇಂಗ್ಲಿಷ್ ವರ್ಗದಲ್ಲಿ ಬರುತ್ತವೆ. ಆದರೆ ಆಮ್‌ಕ್ಯಾಸ್ ಒಂದು ಕೋರ್ಸನ್ನು ಇಂಗ್ಲಿಷ್ ವರ್ಗಕ್ಕೆ ಹಾಕಿತೆಂದ ಮಾತ್ರಕ್ಕೆ ಇಂಥ ಸ್ಕೂಲ್‌ನ ಷರತ್ತು ಪೂರೈಸಿತೆಂದಾಗಲಿ, ಬೇರೆ ವರ್ಗಕ್ಕೆ ಹಾಕಿದರೆ ಪೂರೈಸಲಿಲ್ಲವೆಂದಾಗಲಿ ಅರ್ಥವಲ್ಲ. ಕೊನೆಯ ಮಾತು ಆಯಾ ಸ್ಕೂಲ್‌ನ ಅಡ್ಮಿಷನ್ಸ್ ಕಚೇರಿಯದು.

ಎರಡನೆಯ ಹೆಜ್ಜೆ: ಷರತ್ತಿನ ಸಾಲನ್ನು ಅಕ್ಷರ ಅಕ್ಷರ ಓದುವುದು

ಮೊದಲ ವರ್ಷದಲ್ಲೇ ಇಪ್ಪತ್ತು ಸ್ಕೂಲ್‌ಗಳ ಪಟ್ಟಿ ಮಾಡುವುದು ಅತಿಯಾಯಿತು. ಏಳೆಂಟು ಸಾಕು. ಅವುಗಳಲ್ಲಿ ವಿದ್ಯಾರ್ಥಿ ವಾಸಿಸುವ ರಾಜ್ಯದ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಎಲ್ಲಕ್ಕಿಂತ ಮೊದಲು ಬರಬೇಕು, ಏಕೆಂದರೆ ಸೀಟು ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ಪ್ರತಿಯೊಂದರ ಪ್ರವೇಶ ಪುಟವನ್ನೂ, ಸ್ಕೂಲ್‌ಗಳ ಪ್ರವೇಶ ವಿವರಗಳಿರುವ ಎಎಎಂಸಿಯ ಎಂಎಸ್‌ಎಆರ್ ದತ್ತಸಂಚಯವನ್ನೂ ತೆರೆದು ಇಂಗ್ಲಿಷ್‌ಗೆ ಸಂಬಂಧಿಸಿದ ಸಾಲನ್ನು ಇದ್ದಂತೆಯೇ ನಕಲು ಮಾಡಿಟ್ಟುಕೊಳ್ಳಬೇಕು. ನೆನಪಿನಿಂದ ಸಾರಾಂಶ ಬರೆದುಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ಒಂದೊಂದು ಸ್ಕೂಲ್ ಬಳಸುವ ಮಾತು ಒಂದೊಂದು ಬಗೆ.

"ಇಂಗ್ಲಿಷ್, 6 ಸೆಮಿಸ್ಟರ್ ಅವರ್" (ಕೋರ್ಸಿನ ಕ್ರೆಡಿಟ್ ಅಳೆಯುವ ಮಾನ) ಎಂದಿದ್ದರೆ ಇಂಗ್ಲಿಷ್ ವಿಭಾಗ ಕೊಡುವ ಎರಡು ಕೋರ್ಸುಗಳು ನಿರಾತಂಕವಾಗಿ ನಡೆಯುತ್ತವೆ. ಅವು ಕಂಪೋಸಿಷನ್ ಆಗಿರಲಿ, ಸಾಹಿತ್ಯವಾಗಿರಲಿ, ಹೆಚ್ಚಿನ ಕಡೆ ಭೇದವಿಲ್ಲ. ಟೆಕ್ಸಸ್‌ನ ಬಹುತೇಕ ಸ್ಕೂಲ್‌ಗಳದೂ, ಅನೇಕ ಡಿಒ ಸ್ಕೂಲ್‌ಗಳದೂ ಇದೇ ಮಾದರಿಯ ಮಾತು. "ಕಂಪೋಸಿಷನ್" ಅಥವಾ "ಎಕ್ಸ್‌ಪೋಸಿಟರಿ ರೈಟಿಂಗ್" (ವಿವರಣಾತ್ಮಕ ಬರವಣಿಗೆ) ಎಂದು ನಿರ್ದಿಷ್ಟವಾಗಿ ಕೇಳಿದ್ದರೆ ಕಾವ್ಯದ ತರಗತಿಯೊಂದನ್ನೇ ನಂಬಿಕೊಳ್ಳಬಾರದು. "ರೈಟಿಂಗ್ ಇಂಟೆನ್ಸಿವ್", ಅಂದರೆ ಬರವಣಿಗೆಯೇ ಮುಖ್ಯವಾದ ಕೋರ್ಸು, ಎಂದಿದ್ದರೆ ಬಾಗಿಲು ಅಗಲ: ಇತಿಹಾಸ, ತತ್ವಶಾಸ್ತ್ರ, ಮಾನವಶಾಸ್ತ್ರ ವಿಭಾಗಗಳ ಕೋರ್ಸುಗಳೂ ಎಣಿಕೆಗೆ ಬರಬಹುದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಬಹುಕಾಲದಿಂದ ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ 24 ಸೆಮಿಸ್ಟರ್ ಅವರ್ ಕೇಳುತ್ತ, ಅದರೊಳಗೆ ಬರವಣಿಗೆ ಪ್ರಧಾನವಾದ ಎರಡು ಕೋರ್ಸುಗಳಿರಲಿ ಎನ್ನುತ್ತ ಬಂದಿದೆ. ಸ್ಟ್ಯಾನ್‌ಫರ್ಡ್ ಮೆಡಿಕಲ್ ಸ್ಕೂಲ್ ಕಡ್ಡಾಯ ಕೋರ್ಸುಗಳ ಪಟ್ಟಿಯನ್ನೇ ಇಡದೆ ಶಿಫಾರಸುಗಳನ್ನಷ್ಟೇ ಕೊಡುತ್ತದೆ.

ಪಟ್ಟಿಗಿಂತ ಸಾಮರ್ಥ್ಯ ನೋಡುತ್ತೇವೆ ಎನ್ನುವ ಈ ಬದಲಾವಣೆಗೆ ಒಂದು ಹಿನ್ನೆಲೆಯಿದೆ. 2009ರಲ್ಲಿ ಎಎಎಂಸಿ ಮತ್ತು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಸೇರಿ ಪ್ರಕಟಿಸಿದ ವರದಿ, ವಿಜ್ಞಾನ ವಿಷಯಗಳಲ್ಲಿ ಕೋರ್ಸಿನ ಹೆಸರಿಗಿಂತ ವಿದ್ಯಾರ್ಥಿ ಗಳಿಸಿದ ಸಾಮರ್ಥ್ಯವನ್ನು ನೋಡಬೇಕೆಂದು ಹೇಳಿತು. ಎಎಎಂಸಿ ಈಗ ಪ್ರೀಮೆಡ್ ವಿದ್ಯಾರ್ಥಿಗಳಲ್ಲಿ ಇರಬೇಕೆನ್ನುವ ಸಾಮರ್ಥ್ಯಗಳ ಪಟ್ಟಿಯಲ್ಲಿ ಲಿಖಿತ ಸಂವಹನಕ್ಕೂ ಒಂದು ಸ್ಥಾನವಿದೆ. ಇದನ್ನು ಕೇಳಿ ಕೆಲವರು "ಹಾಗಾದರೆ ಕೋರ್ಸು ಬೇಡ" ಎಂದು ತೀರ್ಮಾನಿಸುತ್ತಾರೆ. ಅದು ದುಡುಕು. ಸಾಮರ್ಥ್ಯವನ್ನು ತೋರಿಸಲು ಟ್ರಾನ್ಸ್‌ಕ್ರಿಪ್ಟ್‌ಗಿಂತ ಸುಲಭದ ಸಾಕ್ಷಿ ವಿದ್ಯಾರ್ಥಿಯ ಕೈಯಲ್ಲಿ ಬೇರೆ ಇಲ್ಲ. ಮೇಲಾಗಿ ಏಳೆಂಟು ಸ್ಕೂಲ್‌ಗಳ ಪಟ್ಟಿಯಲ್ಲಿ ಹಳೆಯ ಪದ್ಧತಿಯ ಎರಡು ಮೂರು ಇದ್ದೇ ಇರುತ್ತವೆ. "ಕಡ್ಡಾಯ" ಮತ್ತು "ಶಿಫಾರಸು" ಎಂಬ ಎರಡು ಪದಗಳಿಗೆ ಪಟ್ಟಿಯಲ್ಲಿ ಬೇರೆ ಬೇರೆ ಬಣ್ಣ ಹಾಕಿಡಿ, ಆದರೆ ಕೋರ್ಸು ಆರಿಸುವಾಗ ಶಿಫಾರಸನ್ನೂ ಕಡ್ಡಾಯವೆಂದೇ ಭಾವಿಸಿಕೊಳ್ಳಿ ಎನ್ನುವುದು ನನ್ನ ಸಲಹೆ.

ಮೂರನೆಯ ಹೆಜ್ಜೆ: ಅವರ್‌ಗಳ ಲೆಕ್ಕ

ಸೆಮಿಸ್ಟರ್ ಪದ್ಧತಿಯ ಕಾಲೇಜಿನಲ್ಲಿ ಲೆಕ್ಕ ಸರಳ: 3 ಅವರ್‌ನ ಎರಡು ಕೋರ್ಸು, ಒಟ್ಟು 6, ಒಂದು ವರ್ಷ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ 1301 ಮತ್ತು 1302 ಸಂಖ್ಯೆಯ ಕಂಪೋಸಿಷನ್ ಜೋಡಿ, ಫ್ಲಾರಿಡಾದಲ್ಲಿ 1101 ಮತ್ತು 1102 ಜೋಡಿ ಇದಕ್ಕೆಂದೇ ಮಾಡಿದಂತಿವೆ. ಕಾರ್ನೆಲ್‌ನಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಮೊದಲ ವರ್ಷವೇ ಎರಡು ಬರವಣಿಗೆ ಸೆಮಿನಾರ್ ಮಾಡುತ್ತಾರೆ.

ಶೈಕ್ಷಣಿಕ ವರ್ಷವನ್ನು ಮೂರು ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯಲ್ಲಿ ಎಡವುವವರು ಬಹಳ. ಬರ್ಕ್ಲಿ ಮತ್ತು ಮರ್ಸೆಡ್ ಬಿಟ್ಟರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿ ಕ್ಯಾಂಪಸ್‌ಗಳು ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುತ್ತವೆ. ಕ್ವಾರ್ಟರ್ ಯೂನಿಟ್ ಎಂದರೆ ಸೆಮಿಸ್ಟರ್ ಅವರ್‌ನ ಮೂರರಲ್ಲಿ ಎರಡು ಪಾಲು. 4 ಯೂನಿಟ್‌ನ ಒಂದು ಕೋರ್ಸು 2.67 ಸೆಮಿಸ್ಟರ್ ಅವರ್ ಆಗುತ್ತದೆ. ಅಂಥ ಎರಡು ಸೇರಿದರೆ 5.33, ಅಂದರೆ 6ಕ್ಕೆ ಸ್ವಲ್ಪ ಕಡಿಮೆ. ಮೂರು ಸೇರಿದರೆ 8. ಕೋರ್ಸು 5 ಯೂನಿಟ್‌ನದಾಗಿದ್ದರೆ ಎರಡಕ್ಕೇ 6.67 ಆಗಿ ಅವರ್ ಲೆಕ್ಕ ದಾಟುತ್ತದೆ. ಆದರೆ ಮೆಡಿಕಲ್ ಸ್ಕೂಲ್ "ಒಂದು ವರ್ಷ" ಎಂದು ಬರೆದಿದ್ದರೆ ಕ್ವಾರ್ಟರ್ ಕಾಲೇಜಿನ ಒಂದು ವರ್ಷಕ್ಕೆ ಮೂರು ಕ್ವಾರ್ಟರ್ ಎಂದು ಅವರು ವಾದಿಸಬಹುದು. ಹಾಗಾಗಿ ಕ್ವಾರ್ಟರ್ ಕಾಲೇಜಿನವರು ಎರಡು ಕೋರ್ಸಿನಲ್ಲಿ ನಿಲ್ಲದೆ ಮೂರನೆಯದೊಂದನ್ನು ಯಾವಾಗಲಾದರೂ ಸೇರಿಸಿಕೊಳ್ಳುವುದು ಕ್ಷೇಮ. ಆ ಮೂರನೆಯದು ಹೇಗೂ ಪದವಿಯ ಮಾನವಿಕ ಷರತ್ತಿಗೆ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಮೊದಲ ಕೋರ್ಸನ್ನು ಹೆಸರು ನೋಡಿ ಆರಿಸುವುದು

ಎರಡು ಕೋರ್ಸುಗಳಲ್ಲಿ ಒಂದು ಯಾರು ನೋಡಿದರೂ ಇಂಗ್ಲಿಷ್ ಎಂದೇ ಹೇಳುವಂತಿರಬೇಕು. ಇಂಗ್ಲಿಷ್ ವಿಭಾಗದ ಸಂಕೇತವಿರುವ, ಶೀರ್ಷಿಕೆಯಲ್ಲಿ ಕಂಪೋಸಿಷನ್ ಅಥವಾ ರೈಟಿಂಗ್ ಎಂಬ ಪದವಿರುವ, ಮೊದಲ ವರ್ಷದ ಕೋರ್ಸೇ ಇದಕ್ಕೆ ತಕ್ಕುದು. ಹಾರ್ವರ್ಡ್‌ನ ಎಕ್ಸ್‌ಪೋಸ್ (ಎಕ್ಸ್‌ಪೋಸಿಟರಿ ರೈಟಿಂಗ್), ಡ್ಯೂಕ್‌ನ ರೈಟಿಂಗ್ 101, ಪ್ರಿನ್ಸ್‌ಟನ್‌ನ ರೈಟಿಂಗ್ ಸೆಮಿನಾರ್, ಸ್ಟ್ಯಾನ್‌ಫರ್ಡ್‌ನ ಪಿಡಬ್ಲ್ಯುಆರ್ (ಪ್ರೋಗ್ರಾಂ ಇನ್ ರೈಟಿಂಗ್ ಅಂಡ್ ರೆಟರಿಕ್) ಇವೆಲ್ಲ ಇಂಗ್ಲಿಷ್ ವಿಭಾಗದ ಹೊರಗಿನ ಬರವಣಿಗೆ ಕಾರ್ಯಕ್ರಮಗಳಾದರೂ ಹೆಸರಿನಲ್ಲೇ ಗುರುತು ಹೊತ್ತಿವೆ, ಅಡ್ಮಿಷನ್ಸ್ ಕಚೇರಿಗಳಿಗೆ ಚಿರಪರಿಚಿತವೂ ಹೌದು.

ತೊಂದರೆ ಇರುವುದು ಹೆಸರಿನಲ್ಲಿ ಗುರುತಿಲ್ಲದ ಕೋರ್ಸುಗಳದು. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. ಅಲ್ಲಿ ವಿದ್ಯಾರ್ಥಿ ಯಾವ ಅಂಗಕಾಲೇಜಿಗೆ ಸೇರಿದ್ದಾನೆ ಎಂಬುದರ ಮೇಲೆ ಬರವಣಿಗೆ ಸರಣಿ ಬದಲಾಗುತ್ತದೆ: ಎಲೀನರ್ ರೂಸ್ವೆಲ್ಟ್ ಕಾಲೇಜಿನವರಿಗೆ "ಮೇಕಿಂಗ್ ಆಫ್ ದ ಮಾಡರ್ನ್ ವರ್ಲ್ಡ್", ಸಿಕ್ಸ್ತ್ ಕಾಲೇಜಿನವರಿಗೆ "ಕಲ್ಚರ್, ಆರ್ಟ್ ಅಂಡ್ ಟೆಕ್ನಾಲಜಿ", ರೆವೆಲ್ ಕಾಲೇಜಿನವರಿಗೆ "ಹ್ಯುಮಾನಿಟೀಸ್". ಒಳಗೆ ಬರೆಸುವುದು ಬೇಕಾದಷ್ಟು. ಆದರೆ ಟ್ರಾನ್ಸ್‌ಕ್ರಿಪ್ಟ್ ಮೇಲೆ ಕಣ್ಣಾಡಿಸುವ ದೂರದ ರಾಜ್ಯದ ಗುಮಾಸ್ತರಿಗೆ ಮೊದಲನೆಯದು ಇತಿಹಾಸದಂತೆಯೂ ಎರಡನೆಯದು ಚಿತ್ರಕಲೆಯಂತೆಯೂ ಕಾಣುತ್ತದೆ. ಬರ್ಕ್ಲಿಯ ರೀಡಿಂಗ್ ಅಂಡ್ ಕಂಪೋಸಿಷನ್ ಕೋರ್ಸುಗಳು ರೆಟರಿಕ್, ತೌಲನಿಕ ಸಾಹಿತ್ಯ, ದಕ್ಷಿಣ ಏಷ್ಯಾ ಅಧ್ಯಯನ ಹೀಗೆ ಹಲವು ವಿಭಾಗಗಳಲ್ಲಿ ಹಂಚಿಹೋಗಿವೆ. ಎಂಐಟಿಯಲ್ಲಿ ಸಂವಹನ ಪ್ರಧಾನ ಎಂಬ ಮುದ್ರೆ ಹೊತ್ತ ಕೋರ್ಸುಗಳಿವೆ, ಆ ಮುದ್ರೆಯ ಅರ್ಥ ಹೊರಗಿನವರಿಗೆ ತಾನಾಗಿ ತಿಳಿಯುವುದಿಲ್ಲ. ಇಂಥ ಕಾಲೇಜಿನಲ್ಲಿರುವವರು ಸರಣಿಯನ್ನು ಮಾಡಿ ಮುಗಿಸಲಿ, ಅದು ಪದವಿಗೆ ಬೇಕೇ ಬೇಕು. ಜೊತೆಗೆ ಸಾಹಿತ್ಯ ಅಥವಾ ಇಂಗ್ಲಿಷ್ ವಿಭಾಗದ ಒಂದು ಕೋರ್ಸನ್ನಾದರೂ ಸೇರಿಸಿಕೊಳ್ಳಲಿ. ಕಾಲೇಜಿನ ಪ್ರೀಹೆಲ್ತ್ ಸಲಹೆಗಾರರು ತಮ್ಮ ಸರಣಿಯನ್ನು ಯಾವ ಯಾವ ಮೆಡಿಕಲ್ ಸ್ಕೂಲ್‌ಗಳು ಒಪ್ಪುತ್ತ ಬಂದಿವೆ ಎಂದು ಬಲ್ಲರು, ಅವರನ್ನು ಮೊದಲ ತಿಂಗಳಲ್ಲೇ ಕೇಳಬೇಕು.

ಕರ್ನಾಟಕದಿಂದ ನೇರವಾಗಿ ಹೋದವರಿಗೆ ಇನ್ನೊಂದು ಎಚ್ಚರಿಕೆ. ಪ್ಲೇಸ್‌ಮೆಂಟ್ ಪರೀಕ್ಷೆಯ ನಂತರ ಕೆಲವರನ್ನು ಇಎಸ್‌ಎಲ್ (ಇಂಗ್ಲಿಷ್ ಎರಡನೆಯ ಭಾಷೆಯಾದವರ) ಪೂರ್ವಸಿದ್ಧತಾ ತರಗತಿಗೆ ಹಾಕುತ್ತಾರೆ. ಆ ತರಗತಿಗಳು ಸಾಮಾನ್ಯವಾಗಿ ಮೆಡಿಕಲ್ ಸ್ಕೂಲ್‌ನ ಎಣಿಕೆಗೆ ಬರುವುದಿಲ್ಲ. ಬಹುಭಾಷಿಕ ವಿದ್ಯಾರ್ಥಿಗಳಿಗೆಂದೇ ಇರುವ, ಆದರೆ ಅದೇ ಕೋರ್ಸ್ ಸಂಖ್ಯೆ, ಅದೇ ಕ್ರೆಡಿಟ್ ಹೊಂದಿರುವ ಕಂಪೋಸಿಷನ್ ಸೆಕ್ಷನ್ ಬೇರೆ. ಅದು ಪೂರ್ಣ ಕೋರ್ಸೇ, ಅಲ್ಲಿ ಗಮನವೂ ಹೆಚ್ಚು ಸಿಗುತ್ತದೆ. ಹಾಗೆಯೇ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿಎಸ್ಸಿ ಓದುವಾಗ ಕಡ್ಡಾಯವಾಗಿ ಮಾಡಿದ ಇಂಗ್ಲಿಷ್ ಪತ್ರಿಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಿದೇಶಿ ಕಾಲೇಜಿನ ಅಂಕಗಳನ್ನು ಆಮ್‌ಕ್ಯಾಸ್ ಪರಿಶೀಲಿಸುವುದಿಲ್ಲ, ಮೆಡಿಕಲ್ ಸ್ಕೂಲ್‌ಗಳು ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲಿ ಮಾಡಿದ ಕೋರ್ಸನ್ನೇ ಕೇಳುವುದು ರೂಢಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರ ಅರ್ಜಿಯನ್ನು ಪರಿಗಣಿಸುವ ಸ್ಕೂಲ್‌ಗಳೇ ಕಡಿಮೆ ಇರುವುದರಿಂದ, ಅಂಥವರು ಆ ಕೆಲವೇ ಸ್ಕೂಲ್‌ಗಳ ಷರತ್ತನ್ನು ಕಣ್ಣಲ್ಲಿ ಕಣ್ಣಿಟ್ಟು ಓದಬೇಕು.

ಐದನೆಯ ಹೆಜ್ಜೆ: ಎರಡನೆಯ ಕೋರ್ಸನ್ನು ಸಿಲಬಸ್ ನೋಡಿ ಆರಿಸುವುದು

ಮೊದಲ ಕೋರ್ಸಿನಿಂದ ಕಾಗದಪತ್ರದ ಚಿಂತೆ ಅರ್ಧ ಕಳೆಯುತ್ತದೆ. ಎರಡನೆಯದನ್ನು ನಿಜವಾಗಿಯೂ ಬರೆಯಲು ಕಲಿಸುವ ಕೋರ್ಸಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲಿದೆ, ಮತ್ತು ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಯೋಚಿಸಬೇಕಾದ ಆಯ್ಕೆ ಇದೇ ಎನ್ನುವುದು ನನ್ನ ಅಭಿಪ್ರಾಯ. ಕ್ಯಾಟಲಾಗ್‌ನ ಎರಡು ಸಾಲಿನ ವಿವರಣೆಯಿಂದ ಏನೂ ತಿಳಿಯದು. ಹಿಂದಿನ ಸೆಮಿಸ್ಟರ್‌ನ ಸಿಲಬಸ್ ತರಿಸಿಕೊಂಡು, ಮೊದಲ ಪುಟದ ಆದರ್ಶಗಳನ್ನು ದಾಟಿ, ಅಂಕ ಹಂಚಿಕೆಯ ಕೋಷ್ಟಕಕ್ಕೆ ಹೋಗಬೇಕು.

ಒಂದೇ ಕೋರ್ಸಿನ ಎರಡು ಸೆಕ್ಷನ್‌ಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಎರಡು ಮಿಡ್‌ಟರ್ಮ್, ಒಂದು ಫೈನಲ್, ಹಾಜರಿಗೆ ಶೇ 10, ಕೊನೆಯ ವಾರ ಸಲ್ಲಿಸಬೇಕಾದ ಐದು ಪುಟದ ಒಂದು ಪ್ರಬಂಧ. ಇನ್ನೊಂದರಲ್ಲಿ ಪರೀಕ್ಷೆಯೇ ಇಲ್ಲ. ನಾಲ್ಕು ಪ್ರಬಂಧಗಳು, ಪ್ರತಿಯೊಂದಕ್ಕೂ ಮೊದಲ ಕರಡು, ಪ್ರಾಧ್ಯಾಪಕರೊಡನೆ ಇಪ್ಪತ್ತು ನಿಮಿಷದ ಭೇಟಿ, ಸಹಪಾಠಿಗಳ ಲಿಖಿತ ಟೀಕೆ, ಅನಂತರ ತಿದ್ದಿದ ಪ್ರತಿ, ಒಟ್ಟು ಇಪ್ಪತ್ತು ಪುಟದ ಆಸುಪಾಸು. ಮೊದಲನೆಯದರಲ್ಲಿ ಎ ಗ್ರೇಡ್ ಸುಲಭವೆಂದು ಪ್ರಾಧ್ಯಾಪಕರಿಗೆ ಅಂಕ ಕೊಡುವ ಜಾಲತಾಣಗಳಲ್ಲಿ ಬರೆದಿರುತ್ತಾರೆ. ಆದರೂ ಎರಡನೆಯದನ್ನೇ ಆರಿಸಿ. ತಿದ್ದಿ ಬರೆಯಲು ಅವಕಾಶವಿರುವ ಕಡೆ, ಕೆಲಸ ಮಾಡುವ ವಿದ್ಯಾರ್ಥಿಯ ಗ್ರೇಡ್ ಕೊನೆಯ ಕರಡಿನ ಮೇಲೆ ನಿಲ್ಲುತ್ತದೆ, ಮೊದಲ ಕರಡಿನ ಮೇಲಲ್ಲ. ಒಂದೇ ಪ್ರಬಂಧದ ಮೇಲೆ ಎಲ್ಲವನ್ನೂ ಪಣಕ್ಕಿಡುವ ಕೋರ್ಸಿಗಿಂತ ಅದು ಕಡಿಮೆ ಅಪಾಯದ್ದು.

ಇಂಥ ತರಗತಿಯಲ್ಲಿ ಆಗುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಬಯಾಲಜಿ ಲ್ಯಾಬ್ ವರದಿಗಳಿಗೆ ಒಗ್ಗಿದ ವಿದ್ಯಾರ್ಥಿನಿ "ಲಸಿಕೆಯ ಬಗ್ಗೆ ಜನರಲ್ಲಿ ಅನೇಕ ಅಭಿಪ್ರಾಯಗಳಿವೆ" ಎಂದು ಪ್ರಬಂಧ ಆರಂಭಿಸುತ್ತಾಳೆ. ಪಕ್ಕದಲ್ಲಿ ಪ್ರಾಧ್ಯಾಪಕರ ಟಿಪ್ಪಣಿ: ಇದನ್ನು ಅಲ್ಲಗಳೆಯುವವರು ಯಾರಾದರೂ ಇದ್ದಾರೆಯೇ? ಇಲ್ಲವಾದರೆ ಇದು ವಾದವಲ್ಲ. ಎರಡನೆಯ ಕರಡಿನಲ್ಲಿ ಅದು "ತಮ್ಮೂರಿನ ವೈದ್ಯರನ್ನು ಮುಖತಃ ಬಲ್ಲವರು ಸರ್ಕಾರದ ಜಾಹೀರಾತಿಗಿಂತ ಆ ವೈದ್ಯರ ಮಾತಿಗೆ ಓಗೊಡುತ್ತಾರೆ" ಎಂದಾಗುತ್ತದೆ. ಈಗ ಒಪ್ಪಲೂ ಅಲ್ಲಗಳೆಯಲೂ ಏನೋ ಇದೆ, ಸಾಕ್ಷ್ಯ ಕೊಡಬೇಕಾದ ಹೊಣೆಯೂ ಬಂದಿದೆ. ಈ ಅಭ್ಯಾಸ ಮುಂದೆ ಎರಡು ಕಡೆ ನೇರವಾಗಿ ಕೈಹಿಡಿಯುತ್ತದೆ. ಎಂಕ್ಯಾಟ್‌ನ ಕಾರ್ಸ್ ವಿಭಾಗದಲ್ಲಿ 90 ನಿಮಿಷದಲ್ಲಿ ಮಾನವಿಕ ಮತ್ತು ಸಮಾಜ ವಿಜ್ಞಾನದ 9 ಗದ್ಯಭಾಗಗಳನ್ನು ಓದಿ 53 ಪ್ರಶ್ನೆಗಳಿಗೆ ಉತ್ತರಿಸಬೇಕು; ಅಲ್ಲಿ ಕೇಳುವುದೆಲ್ಲ ಲೇಖಕರ ವಾದವೇನು, ಅದು ಯಾವುದರ ಮೇಲೆ ನಿಂತಿದೆ ಎಂಬುದೇ. ಆಮ್‌ಕ್ಯಾಸ್ ಅರ್ಜಿಯಲ್ಲಿ ವೈದ್ಯಳಾಗುವ ಕಾರಣವನ್ನು 5,300 ಅಕ್ಷರಗಳೊಳಗೆ ಬರೆಯಬೇಕು, ಮಾಡಿದ ಕೆಲಸಗಳ 15 ವಿವರಣೆಗಳನ್ನು ತಲಾ 700 ಅಕ್ಷರಗಳಲ್ಲಿ ಕೊಡಬಹುದು, ಮತ್ತು ಇವೆಲ್ಲ ಆದ ಮೇಲೆ ಹೆಚ್ಚಿನ ಸ್ಕೂಲ್‌ಗಳು ಸೆಕೆಂಡರಿ ಎಂಬ ಹೆಸರಿನಲ್ಲಿ ಮತ್ತಷ್ಟು ಪ್ರಬಂಧಗಳನ್ನು ಕೇಳುತ್ತವೆ. ಎಂಕ್ಯಾಟ್‌ನಲ್ಲಿದ್ದ ಬರವಣಿಗೆ ಪರೀಕ್ಷೆಯನ್ನು 2013ರಲ್ಲಿ ಕೈಬಿಟ್ಟರೂ ಬರೆಸುವುದನ್ನೇನೂ ಅವರು ಬಿಟ್ಟಿಲ್ಲ.

ಚಿಕ್ಕ ತರಗತಿಯ ಇನ್ನೊಂದು ಲಾಭವನ್ನು ಪ್ರೀಮೆಡ್‌ಗಳು ತಡವಾಗಿ ಅರಿಯುತ್ತಾರೆ. ಅನೇಕ ಮೆಡಿಕಲ್ ಸ್ಕೂಲ್‌ಗಳು ವಿಜ್ಞಾನೇತರ ವಿಷಯದ ಪ್ರಾಧ್ಯಾಪಕರಿಂದ ಒಂದು ಶಿಫಾರಸು ಪತ್ರ ಬಯಸುತ್ತವೆ. ಮುನ್ನೂರು ಜನರ ಮನಃಶಾಸ್ತ್ರ ಉಪನ್ಯಾಸದಲ್ಲಿ ಕುಳಿತವನಿಗೆ ಆ ಪತ್ರ ಬರೆಯುವವರು ಯಾರು? ಹದಿನೈದು ಜನರ ಬರವಣಿಗೆ ತರಗತಿಯಲ್ಲಿ ನಾಲ್ಕು ಬಾರಿ ಎದುರು ಕುಳಿತು ಕರಡು ಚರ್ಚಿಸಿದ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಬಗ್ಗೆ ಹೇಳಲು ನಿಜವಾದ ಸಂಗತಿಗಳಿರುತ್ತವೆ. ಸೆಮಿಸ್ಟರ್ ಮುಗಿದ ಕೂಡಲೇ ಪತ್ರದ ವಿಷಯ ಪ್ರಸ್ತಾಪಿಸಿ, ತಿದ್ದುಪಡಿಗಳಿರುವ ಪ್ರತಿಗಳನ್ನು ಕಾಪಿಟ್ಟುಕೊಳ್ಳಬೇಕು. ಎರಡು ವರ್ಷದ ನಂತರ ಪತ್ರ ಬರೆಯುವಾಗ ಅವರ ನೆನಪಿಗೆ ಅವೇ ಆಧಾರ.

ವಿಷಯದ ಆಯ್ಕೆಯಲ್ಲಿ ಸ್ವಂತ ಆಸಕ್ತಿಗೆ ಮಣೆ ಹಾಕಬಹುದು. ಸಾಹಿತ್ಯ ಮತ್ತು ವೈದ್ಯಕೀಯ, ರೋಗದ ಕಥನಗಳು, ಆರೋಗ್ಯದ ಮಾನವಿಕಗಳು ಎಂಬಂಥ ಕೋರ್ಸುಗಳು ಈಗ ಅನೇಕ ಕಡೆ ಇವೆ. ಕೊಲಂಬಿಯಾದಲ್ಲಿ ವೈದ್ಯೆಯೂ ಇಂಗ್ಲಿಷ್ ಸಾಹಿತ್ಯದ ಡಾಕ್ಟರೇಟ್ ಪಡೆದವರೂ ಆದ ರೀಟಾ ಶರಾನ್ 2000ದಲ್ಲಿ ಆರಂಭಿಸಿದ ನರೇಟಿವ್ ಮೆಡಿಸಿನ್ (ಕಥನ ವೈದ್ಯಕೀಯ) ಕಾರ್ಯಕ್ರಮ ಈ ಕ್ಷೇತ್ರಕ್ಕೆ ಒಂದು ಹೆಸರನ್ನೂ ಗೌರವವನ್ನೂ ತಂದಿತು. ಆದರೆ ಇಂಥ ಕೋರ್ಸನ್ನು ಯಾವ ವಿಭಾಗ ಕೊಡುತ್ತಿದೆ ಎಂದು ನೋಡಿಕೊಳ್ಳಬೇಕು. ಇಂಗ್ಲಿಷ್ ವಿಭಾಗ ಕೊಟ್ಟರೆ ಚಿಂತೆಯಿಲ್ಲ, ಸಾರ್ವಜನಿಕ ಆರೋಗ್ಯ ವಿಭಾಗ ಕೊಟ್ಟರೆ ಕೇಳಿ ಮುಂದುವರಿಯಬೇಕು. ಸೃಜನಶೀಲ ಬರವಣಿಗೆಯನ್ನು ಬಹಳಷ್ಟು ಕಡೆ ಇಂಗ್ಲಿಷ್ ಎಂದು ಒಪ್ಪುತ್ತಾರೆ. ತಾಂತ್ರಿಕ ಬರವಣಿಗೆ, ಪತ್ರಿಕೋದ್ಯಮಗಳ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ನಿಲುವು. ಭಾಷಣ ಕಲೆಯ ಕೋರ್ಸನ್ನು ಸಾಮಾನ್ಯವಾಗಿ ಇಂಗ್ಲಿಷ್ ಎಂದು ಎಣಿಸುವುದಿಲ್ಲ. ಲ್ಯಾಬ್ ವರದಿ ಬರೆಸುತ್ತಾರೆಂದು ರೈಟಿಂಗ್ ಇಂಟೆನ್ಸಿವ್ ಮುದ್ರೆ ಪಡೆದ ಜೀವಶಾಸ್ತ್ರ ಕೋರ್ಸನ್ನೂ ನಂಬಿಕೊಳ್ಳದಿರುವುದು ಮೇಲು.

ಆರನೆಯ ಹೆಜ್ಜೆ: ಎಪಿ, ಡ್ಯುಯಲ್ ಎನ್ರೋಲ್‌ಮೆಂಟ್, ಪಾಸ್–ಫೇಲ್, ಆನ್‌ಲೈನ್

ಎಪಿ ವಿಚಾರದಲ್ಲಿ ಮೆಡಿಕಲ್ ಸ್ಕೂಲ್‌ಗಳು ಮೂರು ಬಗೆ: ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕ್ರೆಡಿಟ್ ಇದ್ದರೆ ಒಪ್ಪುವವು, ಎಪಿ ಇದ್ದರೆ ಮೇಲ್ದರ್ಜೆಯ ಇನ್ನೊಂದು ಕೋರ್ಸು ಮಾಡಿ ಎನ್ನುವವು, ಒಪ್ಪದವು. ಮೂರನ್ನೂ ಏಕಕಾಲಕ್ಕೆ ತೃಪ್ತಿಪಡಿಸುವ ಉಪಾಯವೆಂದರೆ ಎಪಿಯನ್ನು ಕೆಳಹಂತದ ಕೋರ್ಸು ದಾಟಲು ಬಳಸಿ, ಕಾಲೇಜಿನಲ್ಲಿ ಅದಕ್ಕಿಂತ ಮೇಲಿನ ಎರಡು ಇಂಗ್ಲಿಷ್ ಅಥವಾ ಬರವಣಿಗೆ ಕೋರ್ಸುಗಳನ್ನು ಲೆಟರ್ ಗ್ರೇಡ್‌ಗೆ (ಎ, ಬಿ, ಸಿ) ಮಾಡುವುದು. ಇಂಗ್ಲಿಷ್‌ನಲ್ಲಿ ಒಳ್ಳೆಯ ಹಿಡಿತವಿರುವ ವಿದ್ಯಾರ್ಥಿಗೆ ಇದು ಹೊರೆಯಲ್ಲ, ಜಿಪಿಎಗೂ ಅನುಕೂಲ.

ಹೈಸ್ಕೂಲ್‌ನಲ್ಲಿರುವಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜಿನಲ್ಲಿ) ಮಾಡುವ ಡ್ಯುಯಲ್ ಎನ್ರೋಲ್‌ಮೆಂಟ್ ಕೋರ್ಸುಗಳ ಬಗ್ಗೆ ಪಾಲಕರಿಗೆ ಒಂದು ಮಾತು. ಅವು ಕಾಲೇಜು ಕೋರ್ಸುಗಳೇ. ಆಮ್‌ಕ್ಯಾಸ್‌ಗೆ ಆ ಟ್ರಾನ್ಸ್‌ಕ್ರಿಪ್ಟನ್ನೂ ಕೊಡಬೇಕು, ಆ ಗ್ರೇಡೂ ಜಿಪಿಎಯಲ್ಲಿ ಸೇರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ, ಬೇಸಿಗೆಯ ಆರು ವಾರದಲ್ಲಿ ಅವಸರಕ್ಕೆ ಮಾಡಿ ಮುಗಿಸಿದ ಕಂಪೋಸಿಷನ್‌ಗೆ ಬಂದ ಸಿ ಗ್ರೇಡ್ ಇಪ್ಪತ್ತೊಂದರ ಅರ್ಜಿಯಲ್ಲಿ ಎದ್ದು ಕೂರುತ್ತದೆ. ಮತ್ತೆ ಮಾಡಿದರೆ ಹಳೆಯದು ಅಳಿಯುವುದಿಲ್ಲ. ಆಮ್‌ಕ್ಯಾಸ್ ಎರಡೂ ಪ್ರಯತ್ನಗಳನ್ನು ಎಣಿಸುತ್ತದೆ. ಹೆಚ್ಚಿನ ಸ್ಕೂಲ್‌ಗಳು ಪ್ರೀಮೆಡ್ ಕೋರ್ಸುಗಳಲ್ಲಿ ಕನಿಷ್ಠ ಸಿ ಕೇಳುತ್ತವೆ, ಸಿ ಮೈನಸ್ ಅನ್ನು ತಿರಸ್ಕರಿಸುವ ಸ್ಕೂಲ್‌ಗಳೂ ಇವೆ.

ಪಾಸ್–ಫೇಲ್ ಆಯ್ಕೆಯನ್ನು ಈ ಎರಡು ಕೋರ್ಸುಗಳಿಗೆ ಬಳಸಲೇಬಾರದು. ಆನ್‌ಲೈನ್ ಕೋರ್ಸು, ಕಮ್ಯುನಿಟಿ ಕಾಲೇಜ್ ಕೋರ್ಸುಗಳ ಬಗ್ಗೆ ಸ್ಕೂಲ್‌ಗಳ ನಿಲುವು ಬೇರೆ ಬೇರೆ. ಪಟ್ಟಿಯಲ್ಲಿ ಅದಕ್ಕೂ ಒಂದು ಕಾಲಂ ಇರಲಿ.

ಏಳನೆಯ ಹೆಜ್ಜೆ: ಸಂಶಯವಿದ್ದಲ್ಲಿ ಬರೆದು ಕೇಳಿ, ಬರೆದ ಉತ್ತರ ಪಡೆಯುವುದು

ಹಿರಿಯ ವಿದ್ಯಾರ್ಥಿಗಳು ಹೇಳಿದ್ದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದು ದಿಕ್ಕು ತೋರಿಸಬಹುದು, ಆಧಾರವಾಗಲಾರದು. ಅಡ್ಮಿಷನ್ಸ್ ಕಚೇರಿಗೆ ಕಳಿಸುವ ಇಮೇಲ್ ಚಿಕ್ಕದಾಗಿ, ಹೌದು ಅಥವಾ ಇಲ್ಲ ಎಂದು ಉತ್ತರಿಸುವಂತೆ ಇರಬೇಕು. "ನಿಮ್ಮ ಇಂಗ್ಲಿಷ್ ಷರತ್ತಿನ ಬಗ್ಗೆ ತಿಳಿಸಿ" ಎಂದು ಕೇಳಿದರೆ ಜಾಲಪುಟದ ಕೊಂಡಿ ಮಾತ್ರ ಬರುತ್ತದೆ. ಅದರ ಬದಲು ಹೀಗೆ ಕೇಳಬೇಕು: ನಾನು ಇಂಥ ವಿಶ್ವವಿದ್ಯಾಲಯದ ಎರಡನೆಯ ವರ್ಷದ ವಿದ್ಯಾರ್ಥಿ, 2028ರ ಪ್ರವೇಶಕ್ಕೆ ಅರ್ಜಿ ಹಾಕಲಿದ್ದೇನೆ, ಇತಿಹಾಸ ವಿಭಾಗದ ಇಂಥ ಸಂಖ್ಯೆಯ ಕೋರ್ಸು 4 ಕ್ವಾರ್ಟರ್ ಯೂನಿಟ್‌ನದು, ನಮ್ಮ ವಿಶ್ವವಿದ್ಯಾಲಯ ಇದನ್ನು ಬರವಣಿಗೆ ಷರತ್ತಿಗೆ ಒಪ್ಪುತ್ತದೆ, ಇದರಲ್ಲಿ ತಿದ್ದಿದ ನಾಲ್ಕು ಪ್ರಬಂಧಗಳಿವೆ, ಸಿಲಬಸ್ ಲಗತ್ತಿಸಿದ್ದೇನೆ, ಇದು ನಿಮ್ಮ ಒಂದು ವರ್ಷದ ಬರವಣಿಗೆ ಷರತ್ತಿನ ಭಾಗವಾಗಿ ಎಣಿಕೆಗೆ ಬರುವುದೇ?

ಬಂದ ಉತ್ತರವನ್ನು ಪಿಡಿಎಫ್ ಮಾಡಿ, ದಿನಾಂಕದೊಡನೆ, ಸಿಲಬಸ್ ಇರುವ ಫೋಲ್ಡರಿನಲ್ಲೇ ಇಡಬೇಕು. ಸಿಲಬಸ್‌ಗಳನ್ನು ಕಾಲೇಜಿನ ಪೋರ್ಟಲ್ ಮೇಲೆ ನಂಬಿ ಬಿಡಬಾರದು, ಕೋರ್ಸು ಮುಗಿದು ಕೆಲ ಕಾಲಕ್ಕೆ ಅವು ತೆರೆಯುವುದಿಲ್ಲ. ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ವರ್ಷದ ಆರಂಭದಲ್ಲಿ ಇಡೀ ಪಟ್ಟಿಯನ್ನು ಇನ್ನೊಮ್ಮೆ ಸರಿನೋಡಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ಯಾವ ಸೆಮಿಸ್ಟರ್‌ನಲ್ಲಿ ಯಾವುದು

ಮೊದಲ ಕೋರ್ಸನ್ನು ಮೊದಲ ವರ್ಷದಲ್ಲೇ ಮಾಡಿ ಮುಗಿಸುವುದು ಒಳ್ಳೆಯದು. ಎರಡನೆಯದನ್ನು ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಫಿಸಿಕ್ಸ್ ಎರಡೂ ಇರುವ ಸೆಮಿಸ್ಟರ್‌ಗೆ ತುರುಕಬೇಡಿ. ವಾರವಾರ ಕರಡು ಕೇಳುವ ಕೋರ್ಸಿಗೆ ಲ್ಯಾಬ್‌ಗಳಷ್ಟೇ ಸಮಯ ಹಿಡಿಯುತ್ತದೆ. ಎಂಕ್ಯಾಟ್ ಬರೆಯುವ ಮುಂಚಿನ ಸೆಮಿಸ್ಟರ್, ಅಂದರೆ ಹೆಚ್ಚಿನವರಿಗೆ ಎರಡನೆಯ ವರ್ಷದ ಕೊನೆ ಅಥವಾ ಮೂರನೆಯ ವರ್ಷದ ಆರಂಭ, ಇದಕ್ಕೆ ಸರಿಯಾದ ಕಾಲ. ಆಗ ಓದಿದ್ದು ಕಾರ್ಸ್‌ಗೆ ಹಸಿಯಾಗಿರುತ್ತದೆ, ಪತ್ರ ಬರೆಯುವ ಪ್ರಾಧ್ಯಾಪಕರ ನೆನಪೂ ಹಸಿಯಾಗಿರುತ್ತದೆ. ಆಮ್‌ಕ್ಯಾಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಮೇ ಕೊನೆ ಅಥವಾ ಜೂನ್ ಹೊತ್ತಿಗೆ ಸಲ್ಲಿಸಬೇಕು, ಆದ್ದರಿಂದ ಪ್ರಬಂಧದ ಮೊದಲ ಕರಡು ಜನವರಿಯಲ್ಲೇ ಇರಲಿ. ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಉಚಿತ ರೈಟಿಂಗ್ ಸೆಂಟರ್ ಇರುತ್ತದೆ. ಕೋರ್ಸು ನಡೆಯುವಾಗಲೇ ಅಲ್ಲಿ ಪರಿಚಯ ಮಾಡಿಕೊಂಡವರು ಅರ್ಜಿಯ ಕಾಲದಲ್ಲಿ ಸಂಕೋಚವಿಲ್ಲದೆ ಹೋಗುತ್ತಾರೆ.

ಈ ಕೋರ್ಸುಗಳಲ್ಲಿ ಅಡಗಿರುವ ಒಂದು ದೊಡ್ಡ ಅಪಾಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೇರೆಯವರ ವಾಕ್ಯವನ್ನು ಉಲ್ಲೇಖವಿಲ್ಲದೆ ಬಳಸಿದ್ದಕ್ಕೋ, ಅನುಮತಿಯಿಲ್ಲದೆ ಎಐ ಉಪಕರಣದಿಂದ ಪ್ರಬಂಧ ಬರೆಸಿದ್ದಕ್ಕೋ ಕಾಲೇಜು ಶಿಸ್ತುಕ್ರಮ ಕೈಗೊಂಡರೆ, ಮೆಡಿಕಲ್ ಸ್ಕೂಲ್ ಅರ್ಜಿಯಲ್ಲಿ ಅದನ್ನು ಬಹಿರಂಗಪಡಿಸಿ ವಿವರಣೆ ಕೊಡಬೇಕಾಗುತ್ತದೆ. ಕೆಮಿಸ್ಟ್ರಿಯಲ್ಲಿ ಬಂದ ಬಿ ಗ್ರೇಡನ್ನು ಎಂಕ್ಯಾಟ್ ಅಂಕ ಮರೆಸೀತು, ಇದನ್ನು ಮರೆಸಲು ಯಾವುದಕ್ಕೂ ಆಗುವುದಿಲ್ಲ. ಪ್ರತಿ ಕೋರ್ಸಿನ ಸಿಲಬಸ್‌ನಲ್ಲಿ ಎಐ ಬಳಕೆಯ ನಿಯಮ ಬೇರೆ ಬೇರೆ ಇರುತ್ತದೆ. ಓದಿ, ಅನುಮಾನವಿದ್ದರೆ ಪ್ರಾಧ್ಯಾಪಕರಿಂದ ಲಿಖಿತವಾಗಿ ಸ್ಪಷ್ಟಪಡಿಸಿಕೊಂಡು, ಕರಡುಗಳ ಎಲ್ಲ ಆವೃತ್ತಿಗಳನ್ನೂ ಉಳಿಸಿಕೊಳ್ಳಬೇಕು.

ಕೊರತೆ ಉಳಿದುಬಿಟ್ಟರೆ

ಅರ್ಜಿ ಹಾಕುವ ಹೊತ್ತಿಗೆ ಎರಡೂ ಕೋರ್ಸು ಮುಗಿದಿರಲೇಬೇಕೆಂಬ ನಿಯಮ ಹೆಚ್ಚಿನ ಕಡೆ ಇಲ್ಲ. ತರಗತಿ ಆರಂಭವಾಗುವ ಮುನ್ನ ಮುಗಿದರೆ ಸಾಕು. ಮುಂದೆ ಮಾಡಲಿರುವ ಕೋರ್ಸುಗಳನ್ನೂ ಅರ್ಜಿಯಲ್ಲಿ ನಮೂದಿಸಲು ಜಾಗವಿದೆ. ನಾಲ್ಕನೆಯ ವರ್ಷದಲ್ಲಿ ಒಂದು ಕೋರ್ಸು ಕೊರತೆ ಕಂಡರೆ ಕೊನೆಯ ಸೆಮಿಸ್ಟರ್‌ನಲ್ಲಿ ಅದನ್ನು ಸೇರಿಸಿಕೊಂಡು, ಅರ್ಜಿಯಲ್ಲಿ ತೋರಿಸಬಹುದು. ಪದವಿಯೇ ಮುಗಿದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಸಂಜೆ ತರಗತಿ ಅಥವಾ ಕಮ್ಯುನಿಟಿ ಕಾಲೇಜಿನ ಬೇಸಿಗೆ ತರಗತಿ ಉಳಿಯುತ್ತದೆ. ಸೀಟು ಕೊಟ್ಟ ಸ್ಕೂಲ್‌ನಿಂದ ಮೊದಲು ಲಿಖಿತ ಒಪ್ಪಿಗೆ ಪಡೆದು ಹಣ ಕಟ್ಟಬೇಕು. ಆ ಕೋರ್ಸಿನ ಅಂತಿಮ ಟ್ರಾನ್ಸ್‌ಕ್ರಿಪ್ಟ್ ತರಗತಿ ಆರಂಭಕ್ಕೆ ಮೊದಲು ಮೆಡಿಕಲ್ ಸ್ಕೂಲ್‌ನ ರಿಜಿಸ್ಟ್ರಾರ್ ಕೈಸೇರಬೇಕಾಗಿರುವುದರಿಂದ, ಆಗಸ್ಟ್‌ನಲ್ಲಿ ಗ್ರೇಡ್ ಪ್ರಕಟಿಸುವ ಬೇಸಿಗೆಯ ಎರಡನೆಯ ಸೆಷನ್ ಬಿಟ್ಟು ಜೂನ್ ಕೊನೆಗೆ ಮುಗಿಯುವ ಮೊದಲ ಸೆಷನ್‌ಗೆ ಹೆಸರು ನೋಂದಾಯಿಸುವುದು ಸರಿ.